ಕಪ್ಪು ಮರಳಿಗೆ ಬಂದ ಕೂಡಲೇ ಡಿಟೆಕ್ಟರ್ ಯಾಕೆ ಕಿರುಚುತ್ತದೆ?

ಪ್ರಶ್ನೆ: ನನ್ನ ಮೆಟಲ್ ಡಿಟೆಕ್ಟರ್ ಒಣ ಮರಳಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಲೆ ಬಂದು ಹೋಗುವ ಜಾಗದಲ್ಲಿ, ಅದರಲ್ಲೂ ಕಪ್ಪು ಮರಳಿನ ಪಟ್ಟೆ ಇರುವ ಕಡೆ, ಕೆಳಗೆ ಏನೂ ಇಲ್ಲದಿದ್ದರೂ ಕೂಗುತ್ತಲೇ ಇರುತ್ತದೆ. ಸೆನ್ಸಿಟಿವಿಟಿ ಇಳಿಸಿದರೆ ಸುಮ್ಮನಾಗುತ್ತದೆ, ಆದರೆ ಆಮೇಲೆ ಗೇಣುದ್ದ ಆಳದ ನಾಣ್ಯವೂ ಸಿಗುವುದಿಲ್ಲ. ಮೆಷಿನ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಒಬ್ಬ ಎದುರಾಳಿಯನ್ನು ನಿಭಾಯಿಸಬಲ್ಲ ಮೆಷಿನನ್ನು ಇಬ್ಬರಿರುವ ಜಾಗಕ್ಕೆ ಕರೆದುಕೊಂಡು ಹೋಗಿದ್ದೀರಿ, ಅಷ್ಟೇ. ಕಪ್ಪು ಮರಳು ಒಬ್ಬ, ಉಪ್ಪುನೀರು ಇನ್ನೊಬ್ಬ. ಒಬ್ಬನಿಗೆ ಹಾಕುವ ಮದ್ದು ಇನ್ನೊಬ್ಬನಿಗೆ ನಾಟುವುದಿಲ್ಲ.

ಮೊದಲು ಮೆಷಿನ್ ಏನು ಮಾಡುತ್ತದೆ ನೋಡೋಣ. ಸಾಮಾನ್ಯ ಡಿಟೆಕ್ಟರಿನ ಕಾಯಿಲ್, ಅಂದರೆ ತುದಿಯ ತಟ್ಟೆಯೊಳಗಿನ ತಂತಿ ಸುರುಳಿ, ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲಕ್ಕೆ ಬಿಡುತ್ತದೆ. ಕೆಳಗೆ ಲೋಹ ಇದ್ದರೆ ಅದರೊಳಗೆ ಸುಳಿಯಂತೆ ವಿದ್ಯುತ್ ಹರಿಯುತ್ತದೆ, ಅದು ತನ್ನದೇ ಒಂದು ಪುಟ್ಟ ಕಾಂತಕ್ಷೇತ್ರವನ್ನು ವಾಪಸ್ ಕಳಿಸುತ್ತದೆ. ಈ ಉತ್ತರ ಸ್ವಲ್ಪ ತಡವಾಗಿ ಬರುತ್ತದೆ. ಎಷ್ಟು ತಡ ಅನ್ನುವುದರಲ್ಲೇ ಎಲ್ಲ ಇರುವುದು. ತೆಳು ಫಾಯಿಲ್ ಇಷ್ಟು ತಡ, ದಪ್ಪ ಬೆಳ್ಳಿ ನಾಣ್ಯ ಅಷ್ಟು ತಡ ಅಂತ ಲೆಕ್ಕ ಹಾಕಿಯೇ ಪರದೆಯ ಮೇಲೆ ನಂಬರ್ ಬರುತ್ತದೆ.

ಈಗ ಕಪ್ಪು ಮರಳು. ಅದು ಕಪ್ಪಾಗಿರುವುದು ಹೆಚ್ಚಾಗಿ ಮ್ಯಾಗ್ನೆಟೈಟ್, ಇಲ್ಮನೈಟ್‌ನಂಥ ಕಬ್ಬಿಣದ ಖನಿಜಗಳಿಂದ. ಇವುಗಳಲ್ಲಿ ಮ್ಯಾಗ್ನೆಟೈಟ್ ದೊಡ್ಡ ತಲೆನೋವು, ಇಲ್ಮನೈಟ್ ಕಾಟ ಕಡಿಮೆ. ಹಾಗಾಗಿ ನೋಡಲು ಒಂದೇ ಥರ ಕಪ್ಪಾದ ಎರಡು ತೀರಗಳಲ್ಲಿ ಒಂದರಲ್ಲಿ ಮೆಷಿನ್ ಹಾಯಾಗಿರುತ್ತದೆ, ಇನ್ನೊಂದರಲ್ಲಿ ಅಳುತ್ತದೆ. ಕಣ್ಣನ್ನು ನಂಬಬೇಡಿ. ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣ ಮರಳಿನ ಮೇಲೆ ಎಳೆಯಿರಿ. ಚೀಲದ ತುಂಬ ಕಪ್ಪು ಮೀಸೆ ಬೆಳೆದಂತೆ ಹುಡಿ ಮೆತ್ತಿಕೊಂಡರೆ ಮ್ಯಾಗ್ನೆಟೈಟ್ ಜಾಸ್ತಿ ಇದೆ ಅಂತ ಅರ್ಥ. ನಾಲ್ಕು ಕಾಳು ಅಂಟಿದರೆ ಚಿಂತೆ ಇಲ್ಲ. (ಚೀಲ ಮರೆತು ಬರೀ ಅಯಸ್ಕಾಂತ ಎಳೆದರೆ ಆ ಹುಡಿಯನ್ನು ಬಿಡಿಸುತ್ತಾ ಇಡೀ ಸಂಜೆ ಕೂರಬೇಕಾಗುತ್ತದೆ.)

ಮ್ಯಾಗ್ನೆಟೈಟ್ ಕಾಳುಗಳಲ್ಲಿ ಹೇಳಿಕೊಳ್ಳುವಂಥ ವಿದ್ಯುತ್ ಸುಳಿ ಹುಟ್ಟುವುದಿಲ್ಲ. ಕಾಯಿಲಿನ ಕ್ಷೇತ್ರ ಏರಿದಾಗ ಏರುತ್ತವೆ, ಇಳಿದಾಗ ಇಳಿಯುತ್ತವೆ. ಅಂದರೆ ಉತ್ತರದಲ್ಲಿ ತಡವೇ ಇಲ್ಲ. ಆದರೆ ಒಂದು ನಾಣ್ಯದ ಎದುರು ಕಾಯಿಲಿನ ಕೆಳಗೆ ಕಿಲೋಗಟ್ಟಲೆ ಮರಳಿದೆ ಅಲ್ವಾ, ಆ ಗದ್ದಲದಲ್ಲಿ ನಾಣ್ಯದ ಪಿಸುಮಾತು ಕೇಳಬೇಕು.

ಉಪ್ಪುನೀರಿನ ಕಥೆ ಬೇರೆ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಹಾಗಾಗಿ ಅದರಲ್ಲಿ ವಿದ್ಯುತ್ ಹರಿಯುತ್ತದೆ. ತಾಮ್ರಕ್ಕೆ ಹೋಲಿಸಿದರೆ ಕೋಟಿಗೊಂದು ಪಾಲೂ ಇಲ್ಲ, ನಿಜ, ಆದರೆ ಇಲ್ಲೂ ಲೆಕ್ಕಕ್ಕೆ ಬರುವುದು ಪ್ರಮಾಣವೇ. ಒದ್ದೆ ಮರಳು ಇಡಿಯಾಗಿ ಒಂದು ಅಗಲವಾದ, ತೀರಾ ಕಳಪೆ ಲೋಹದ ಹಾಳೆಯ ಹಾಗೆ ವರ್ತಿಸುತ್ತದೆ. ಅದರ ಉತ್ತರ ಬರುವುದು ಫಾಯಿಲ್ ಮತ್ತು ತೆಳು ಚಿನ್ನದ ಸರ ಉತ್ತರ ಕೊಡುವ ಜಾಗಕ್ಕೆ ತೀರಾ ಹತ್ತಿರ. ಈ ಮಾತು ನೆನಪಿರಲಿ, ಮುಂದೆ ಇದೇ ಕಾಡುತ್ತದೆ.

ಗ್ರೌಂಡ್ ಬ್ಯಾಲೆನ್ಸ್ ಅಂದರೆ ಮೆಷಿನಿಗೆ "ಇಷ್ಟು ತಡವಾಗಿ ಬರುವ ಉತ್ತರವನ್ನು ಕೇಳಿಸಿಕೊಳ್ಳಬೇಡ" ಅಂತ ಹೇಳುವುದು. ಕಾಯಿಲಿನ ಕ್ಷೇತ್ರ ಎಷ್ಟು ಬೇಗ ಬೇಗ ದಿಕ್ಕು ಬದಲಿಸುತ್ತದೆ ಅನ್ನುವುದೇ ಫ್ರೀಕ್ವೆನ್ಸಿ. ನಿಮ್ಮದರಂಥ ಒಂದೇ ಫ್ರೀಕ್ವೆನ್ಸಿಯ ಮೆಷಿನಿನಲ್ಲಿ ಹೀಗೆ ಒಂದೇ ಉತ್ತರವನ್ನು ಮುಚ್ಚಿಹಾಕಬಹುದು. ಮರಳಿಗೆ ಹೊಂದಿಸಿದರೆ ಉಪ್ಪು ಕೂಗುತ್ತದೆ, ಉಪ್ಪಿಗೆ ಹೊಂದಿಸಿದರೆ ಮರಳು ಕೂಗುತ್ತದೆ. ನಡುವೆ ಎಲ್ಲೋ ಇಟ್ಟರೆ ಎರಡೂ ಕೂಗುತ್ತವೆ. ಉಳಿಯುವುದು ಸೆನ್ಸಿಟಿವಿಟಿ ಇಳಿಸುವ ದಾರಿ, ಅದನ್ನೇ ನೀವು ಮಾಡಿದ್ದು, ಅದಕ್ಕೇ ನಾಣ್ಯವೂ ಹೋಯಿತು.

ಹಾಗಾದರೆ ಬೇರೆ ಮೆಷಿನ್‌ಗಳು ಹೇಗೆ ನಿಭಾಯಿಸುತ್ತವೆ? ಒಂದು ಉಪಾಯ ಒಂದೇ ಸಲಕ್ಕೆ ಎರಡು ಅಥವಾ ಜಾಸ್ತಿ ಫ್ರೀಕ್ವೆನ್ಸಿ ಬಳಸುವುದು. ಫಿಶರ್ ಕಂಪನಿಯ ಸಿಜೆಡ್ ಸರಣಿಯ ಹಳೆಯ ಮೆಷಿನ್‌ಗಳು 5 ಮತ್ತು 15 ಕಿಲೋಹರ್ಟ್ಸ್ ಎರಡನ್ನೂ ಬಳಸುತ್ತಿದ್ದವು. ಮ್ಯಾಗ್ನೆಟೈಟ್ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಉತ್ತರ ಕೊಡುತ್ತದೆ. ಉಪ್ಪುನೀರು ಹಾಗಲ್ಲ, ಫ್ರೀಕ್ವೆನ್ಸಿ ಮೂರು ಪಟ್ಟಾದರೆ ಅದರ ಉತ್ತರವೂ ಸುಮಾರು ಮೂರು ಪಟ್ಟಾಗುತ್ತದೆ. ಈ ವ್ಯತ್ಯಾಸ ಸಿಕ್ಕಿದರೆ ಸಾಕು, ಶಾಲೆಯಲ್ಲಿ ಎರಡು ಸಮೀಕರಣ ಬರೆದು ಎಕ್ಸ್, ವೈ ಎರಡನ್ನೂ ಕಂಡುಹಿಡಿದ ಹಾಗೆ ಮೆಷಿನ್ ಮರಳು, ಉಪ್ಪು ಎರಡನ್ನೂ ಬೇರೆ ಮಾಡಿ ಕಳೆದುಬಿಡುತ್ತದೆ.

ಇನ್ನೊಂದು ಉಪಾಯ ಪಲ್ಸ್ ಇಂಡಕ್ಷನ್, ಚಿಕ್ಕದಾಗಿ ಪಿಐ. ಇದು ನಿರಂತರವಾಗಿ ಹಾಡುವುದಿಲ್ಲ. ಒಂದು ಚಪ್ಪಾಳೆ ತಟ್ಟಿ, ಸುಮ್ನೆ ನಿಂತು, ಆಮೇಲೆ ಕಿವಿಗೊಡುತ್ತದೆ. ಕ್ಷೇತ್ರ ನಿಂತ ತಕ್ಷಣ ಮ್ಯಾಗ್ನೆಟೈಟ್ ಬಹುಪಾಲು ಸುಮ್ಮನಾಗುತ್ತದೆ. ಉಪ್ಪುನೀರಿನ ಸುಳಿ ಹತ್ತು ಮೈಕ್ರೊಸೆಕೆಂಡ್ ಆಸುಪಾಸಿನಲ್ಲಿ ಸಾಯುತ್ತದೆ. ನಾಣ್ಯ, ಉಂಗುರದೊಳಗಿನ ಸುಳಿ ಇನ್ನೂ ಸ್ವಲ್ಪ ಹೊತ್ತು ಉಳಿದಿರುತ್ತದೆ, ಮೆಷಿನ್ ಹಿಡಿಯುವುದು ಅದನ್ನೇ. ಜ್ವಾಲಾಮುಖಿ ಕಲ್ಲಿನಿಂದ ಬಂದ ಕೆಲವು ಮರಳುಗಳಲ್ಲಿ ಅತಿ ಸಣ್ಣ ಕಾಳುಗಳು ಮಾತ್ರ ಬೇಗ ಸುಮ್ಮನಾಗುವುದಿಲ್ಲ. ಅಂಥ ಕಡೆ ಪಿಐ ಕೂಡ ಗೊಣಗುತ್ತದೆ.

ಎರಡೂ ಉಪಾಯ ಪುಕ್ಕಟೆ ಅಲ್ಲ. ಉಪ್ಪಿನ ಉತ್ತರ ತೆಳು ಚಿನ್ನದ ಪಕ್ಕದಲ್ಲೇ ಇದೆ ಅಂದೆನಲ್ಲ, ಉಪ್ಪನ್ನು ಕಳೆಯುವಾಗ ಆ ಚಿನ್ನವೂ ಜೊತೆಗೆ ಹೋಗುತ್ತದೆ. ಎರಡು ಫ್ರೀಕ್ವೆನ್ಸಿಯ ಮೆಷಿನಿನಲ್ಲೂ ಅಷ್ಟೇ, ಪಿಐಯಲ್ಲೂ ಅಷ್ಟೇ. ಸಣ್ಣ ಕಿವಿಯೋಲೆ, ನೂಲಿನಂಥ ಸರದ ಸುಳಿ ಮೆಷಿನ್ ಕಿವಿಗೊಡುವ ಮೊದಲೇ ಮುಗಿದಿರುತ್ತದೆ. ಪಿಐಗೆ ಇನ್ನೊಂದು ದೋಷವಿದೆ, ಕಬ್ಬಿಣ ಯಾವುದು, ಬೇರೆ ಲೋಹ ಯಾವುದು ಅಂತ ಅದು ಸರಿಯಾಗಿ ಹೇಳುವುದಿಲ್ಲ. ತಲೆಗೂದಲಿನ ಪಿನ್ನು, ಮೊಳೆ, ಬಾಟಲಿ ಮುಚ್ಚಳ ಎಲ್ಲವನ್ನೂ ಅಗೆಯಬೇಕು. ನನಗೆ ಕೇಳಿದರೆ, ಕಪ್ಪು ಮರಳು ನಿಜಕ್ಕೂ ದಟ್ಟವಾಗಿದ್ದರೆ ಪಿಐ, ಇಲ್ಲದಿದ್ದರೆ ಹಲವು ಫ್ರೀಕ್ವೆನ್ಸಿಯ ಮೆಷಿನ್. ಎಲ್ಲ ಕಡೆಗೂ ಒಂದೇ ಮೆಷಿನ್ ಸಾಕು ಅನ್ನುವ ಜಾಹೀರಾತನ್ನು ನಾನು ನಂಬುವುದಿಲ್ಲ.

ಪರದೆಯ ನಂಬರಿನ ವಿಷಯಕ್ಕೆ ಬರುತ್ತೇನೆ, ಇಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಕಪ್ಪು ಮರಳಿನ ಆಳದಲ್ಲಿರುವ ಒಳ್ಳೆಯ ನಾಣ್ಯದ ಉತ್ತರಕ್ಕೆ ಮರಳಿನ ಉತ್ತರ ಬೆರೆತು ನಂಬರ್ ಕಬ್ಬಿಣದ ಕಡೆ ಜಾರುತ್ತದೆ. ಕಬ್ಬಿಣ ಬೇಡ ಅಂತ ಡಿಸ್ಕ್ರಿಮಿನೇಷನ್ ಹಾಕಿಟ್ಟಿದ್ದರೆ ಮೆಷಿನ್ ಬಾಯಿ ಮುಚ್ಚಿಕೊಂಡು ನಾಣ್ಯದ ಮೇಲೇ ದಾಟಿಹೋಗುತ್ತದೆ. ಇಂಥ ಜಾಗದಲ್ಲಿ ಡಿಸ್ಕ್ರಿಮಿನೇಷನ್ ತೆಗೆದಿಡಿ, ನಂಬರಿಗಿಂತ ಸದ್ದನ್ನು ಕೇಳಿ. ಎರಡೂ ಕಡೆಯಿಂದ ಬೀಸಿದಾಗ ಒಂದೇ ಜಾಗದಲ್ಲಿ ಕೇಳಿಸುವ ಸದ್ದನ್ನು ಅಗೆಯಿರಿ.

ಇಷ್ಟೆಲ್ಲ ಕಾಟ ಯಾಕೆ, ಕಪ್ಪು ಪಟ್ಟೆಯನ್ನು ಬಿಟ್ಟೇ ಹೋದರಾಯಿತು ಅನ್ನಬಹುದು. ಬೇಡ. ಬಿಳಿ ಮರಳಿನ ಸ್ಫಟಿಕ ನೀರಿಗಿಂತ ಸುಮಾರು 2.65 ಪಟ್ಟು ಭಾರ, ಮ್ಯಾಗ್ನೆಟೈಟ್ 5.2 ಪಟ್ಟು, ಶುದ್ಧ ಚಿನ್ನ 19.3 ಪಟ್ಟು. ಅಲೆ ಮೊರದಲ್ಲಿ ಕೇರಿದ ಹಾಗೆ ಹಗುರವಾದದ್ದನ್ನು ಎತ್ತಿಕೊಂಡು ಹೋಗಿ ಭಾರವಾದದ್ದನ್ನು ಬಿಡುತ್ತದೆ. ಕಪ್ಪು ಮರಳು ಕೂಡಿದ ಕಡೆಯೇ ಉಂಗುರವೂ ಕೂಡುವ ಸಾಧ್ಯತೆ ಜಾಸ್ತಿ. (ಮೀನುಗಾರರ ಸೀಸದ ಗುಂಡುಗಳಂತೂ ಖಂಡಿತ ಸಿಗುತ್ತವೆ.)

ಇನ್ನು ನಿಮ್ಮ ಮೆಷಿನಿನಲ್ಲೇ ಮಾಡಬಹುದಾದದ್ದು. ಗ್ರೌಂಡ್ ಬ್ಯಾಲೆನ್ಸನ್ನು ಕಾರಿನ ಪಕ್ಕ ನಿಂತು ಮಾಡಬೇಡಿ, ಹುಡುಕುವ ಜಾಗದಲ್ಲೇ ಕೆಳಗೆ ಲೋಹ ಇಲ್ಲದ ತುಂಡು ನೋಡಿ, ಕಾಯಿಲನ್ನು ಎರಡು ಬೆರಳಿನಷ್ಟು ಎತ್ತರದಿಂದ ಒಂದು ಗೇಣಿನವರೆಗೆ ಮೇಲೆ ಕೆಳಗೆ ಆಡಿಸಿ ಮಾಡಿ. ನೀರಿನ ಅಂಚಿಗೆ ಸಮನಾಗಿ ಬೀಸಿ. ನೀರಿನ ಕಡೆಯಿಂದ ದಡದ ಕಡೆಗೆ ಬೀಸಿದರೆ ಒಂದೇ ಬೀಸಿನಲ್ಲಿ ಒದ್ದೆ, ಅರೆ ಒದ್ದೆ, ಒಣ ಮೂರೂ ಬಂದು ಮೆಷಿನ್ ಗೊಂದಲಕ್ಕೆ ಬೀಳುತ್ತದೆ. ಎತ್ತರ ಏರುಪೇರಾಗದಿರಲಿ, ನಿಧಾನವಾಗಿ ಬೀಸಿ. ಸಣ್ಣ ಕಾಯಿಲ್ ಇದ್ದರೆ ಹಾಕಿ, ಅದು ನೋಡುವ ಮರಳೇ ಕಡಿಮೆ. ಕಾಯಿಲಿನ ತಳದ ಪ್ಲಾಸ್ಟಿಕ್ ಕವರ್ ಬಿಚ್ಚಿ ತೊಳೆಯಿರಿ. ನಾನೊಮ್ಮೆ ಇಡೀ ಬೆಳಿಗ್ಗೆ ಸೆಟ್ಟಿಂಗ್ ಬದಲಿಸುತ್ತಾ ಮೆಷಿನನ್ನು ಬೈದುಕೊಂಡೆ, ಕೊನೆಗೆ ನೋಡಿದರೆ ಕವರಿನೊಳಗೆ ಒಂದು ಹಿಡಿ ಒದ್ದೆ ಕಪ್ಪು ಮರಳು ಕೂತಿತ್ತು.

ಇದ್ಯಾವುದಕ್ಕೂ ಬಗ್ಗದಿದ್ದರೆ ಹತ್ತು ಹೆಜ್ಜೆ ಮೇಲೆ ಬನ್ನಿ. ಮರಳು ಕಪ್ಪಾಗಿಯೇ ಇದ್ದು ನೀರು ಪೂರ್ತಿ ಬಸಿದು ಒಣಗಿದ ಕಡೆ ಉಪ್ಪು ತೆಪ್ಪಗಿರುತ್ತದೆ, ಒದ್ದೆಯಿಲ್ಲದ ಉಪ್ಪಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಆಗ ಉಳಿಯುವ ಎದುರಾಳಿ ಒಬ್ಬನೇ, ಅವನಿಗೆ ನಿಮ್ಮ ಒಂದೇ ಫ್ರೀಕ್ವೆನ್ಸಿಯ ಮೆಷಿನ್ ಸಾಕು. ಮುಂಜಾನೆ ಇಬ್ಬನಿ ಬಿದ್ದ ಮರಳಿನಲ್ಲಿ ಮಾತ್ರ ಇದನ್ನು ನೆಚ್ಚಬೇಡಿ.