ಕೇಂದ್ರ ವಿಜ್ಞಾನ: ರಸಾಯನಶಾಸ್ತ್ರವೆಂಬ ನಡುಮನೆ

ರಸಾಯನಶಾಸ್ತ್ರದ ಪಠ್ಯಪುಸ್ತಕಗಳ ಪೀಠಿಕೆಯಲ್ಲಿ ‘ಕೇಂದ್ರ ವಿಜ್ಞಾನ’ ಎಂಬ ಪದ ಆಗಾಗ ಕಾಣಿಸುತ್ತದೆ. ಓದುವವರು ಅದನ್ನು ವಿಷಯದ ಬಗೆಗಿನ ಹೊಗಳಿಕೆ ಎಂದುಕೊಂಡು ಮುಂದಿನ ಪುಟಕ್ಕೆ ಹೋಗಿಬಿಡುತ್ತಾರೆ. ನನಗೆ ಆ ಪದ ಒಂದು ನಕ್ಷೆಯಂತೆ ಕಾಣುತ್ತದೆ. ಕೆಮಿಸ್ಟ್ರಿ ಓದಿ ಮುಂದೇನು ಮಾಡುವುದು ಎಂದು ಯೋಚಿಸುತ್ತಿರುವ ಯುವಜನರು ಆ ನಕ್ಷೆಯನ್ನು ಸ್ವಲ್ಪ ಹೊತ್ತು ಬಿಡಿಸಿ ನೋಡಬೇಕು.

ಪದವನ್ನು ಪ್ರಸಿದ್ಧಗೊಳಿಸಿದ್ದು 1977ರಲ್ಲಿ ಮೊದಲ ಬಾರಿಗೆ ಅಚ್ಚಾದ ಅಮೆರಿಕದ ಒಂದು ಪಠ್ಯಪುಸ್ತಕದ ಶೀರ್ಷಿಕೆ. ವಿಚಾರ ಅದಕ್ಕಿಂತ ಹಳೆಯದು. 19ನೆಯ ಶತಮಾನದ ಫ್ರೆಂಚ್ ಚಿಂತಕ ಒಗುಸ್ಟ್ ಕಾಂಟ್ ವಿಜ್ಞಾನಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದಾಗ ಗಣಿತ, ಖಗೋಳ, ಭೌತಶಾಸ್ತ್ರಗಳು ಕೆಳಗೆ ಬಂದವು; ಜೀವಶಾಸ್ತ್ರ, ಸಮಾಜಶಾಸ್ತ್ರಗಳು ಮೇಲೆ ಹೋದವು; ರಸಾಯನಶಾಸ್ತ್ರ ನಡುವೆ ಉಳಿಯಿತು.

ಕನ್ನಡದಲ್ಲಿ ‘ಕೇಂದ್ರ’ ಎಂದೊಡನೆ ಅಧಿಕಾರದ ನೆನಪಾಗುತ್ತದೆ: ಕೇಂದ್ರ ಸರ್ಕಾರ, ಕೇಂದ್ರ ಕಚೇರಿ, ಅಪ್ಪಣೆ ಹೊರಡುವ ಜಾಗ. ಆ ಅರ್ಥ ಇಲ್ಲಿ ಸಲ್ಲದು. ನಮ್ಮದೇ ಇನ್ನೊಂದು ಮಾತು ಇಲ್ಲಿಗೆ ಹೆಚ್ಚು ಒಪ್ಪುತ್ತದೆ: ನಡುಮನೆ. ಯಾವ ಕೋಣೆಯಿಂದ ಯಾವ ಕೋಣೆಗೆ ಹೋಗಬೇಕಾದರೂ ನಡುಮನೆಯನ್ನು ಹಾಯ್ದೇ ಹೋಗಬೇಕು. ಭೌತಶಾಸ್ತ್ರದ ಎಲೆಕ್ಟ್ರಾನಿನಿಂದ ಜೀವಶಾಸ್ತ್ರದ ಜೀವಕೋಶಕ್ಕೆ ದಾರಿ ಅಣುವಿನ ಮೂಲಕ. ಭೂಗರ್ಭದ ಖನಿಜದಿಂದ ಕೈಯಲ್ಲಿರುವ ಮೊಬೈಲ್‌ಗೂ ದಾರಿ ಅದೇ.

ಒಂಟಿ ಎಲೆಕ್ಟ್ರಾನಿಗೆ ವಾಸನೆಯಿಲ್ಲ, ಕಹಿಯಿಲ್ಲ. ಪರಮಾಣುಗಳು ಕೂಡಿ ಅಣುವಾದಾಗ ಇಂಥ ಗುಣಗಳು ಹುಟ್ಟುತ್ತವೆ. ಬರಿಯ ಇಂಗಾಲದ ಪರಮಾಣುಗಳು ಒಂದು ರೀತಿ ಹೆಣೆದುಕೊಂಡರೆ ವಜ್ರ, ಪದರ ಪದರವಾಗಿ ಕುಳಿತರೆ ಪೆನ್ಸಿಲಿನ ಗ್ರಾಫೈಟ್. ಕಾರ್ವೋನ್ ಎಂಬ ಅಣುವಿಗೆ ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಯ ಬಿಂಬವಾದ ಎರಡು ರೂಪಗಳಿವೆ. ಒಂದಕ್ಕೆ ಪುದೀನದ ಒಂದು ಜಾತಿಯ ಪರಿಮಳ, ಇನ್ನೊಂದಕ್ಕೆ ಶಾಜೀರಿಗೆಯ ಪರಿಮಳ. ಅವೇ ಪರಮಾಣುಗಳು, ಅವೇ ಬಂಧಗಳು, ದಿಕ್ಕು ಮಾತ್ರ ಬೇರೆ. ಮೂಗು ಆ ವ್ಯತ್ಯಾಸವನ್ನು ಹಿಡಿಯುತ್ತದೆ, ಏಕೆಂದರೆ ಮೂಗಿನ ಗ್ರಾಹಕಗಳೂ ಎಡ-ಬಲ ಭೇದವಿರುವ ಅಣುಗಳೇ. ಯಾವುದು ಯಾವುದಕ್ಕೆ ಅಂಟಿದೆ, ಎಷ್ಟು ಬಿಗಿಯಾಗಿ, ಯಾವಾಗ ಬಿಡುತ್ತದೆ, ಎಷ್ಟು ಪ್ರಮಾಣದಲ್ಲಿದೆ: ಈ ನಾಲ್ಕು ಪ್ರಶ್ನೆಗಳೇ ರಸಾಯನಜ್ಞರ ಬಂಡವಾಳ. ಕಲ್ಲಿಗೂ ಬ್ಯಾಟರಿಗೂ ರಕ್ತಕ್ಕೂ ಇವೇ ಪ್ರಶ್ನೆಗಳನ್ನು ಹಾಕಬಹುದು.

ನಡುಮನೆಯ ಅರ್ಥವನ್ನು ನನಗೆ ಮನದಟ್ಟು ಮಾಡಿದ್ದು ಅಮೋನಿಯಾದ ಕಥೆ. ಗಾಳಿಯ ಬಹುಪಾಲು ಸಾರಜನಕವೇ ಆದರೂ ಗಿಡಗಳು ಅದನ್ನು ನೇರವಾಗಿ ಬಳಸಲಾರವು. ಎರಡು ಸಾರಜನಕ ಪರಮಾಣುಗಳ ನಡುವಿನ ತ್ರಿಬಂಧ ಅಷ್ಟು ಗಟ್ಟಿ. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹಾಬರ್ ಭಾರೀ ಒತ್ತಡ, ಹೆಚ್ಚಿನ ತಾಪ ಮತ್ತು ವೇಗವರ್ಧಕಗಳ (ತಾವು ಸವೆಯದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುಗಳ) ನೆರವಿನಿಂದ ಸಾರಜನಕವನ್ನೂ ಹೈಡ್ರೋಜನ್ನನ್ನೂ ಕೂಡಿಸಿ ಪ್ರಯೋಗಾಲಯದಲ್ಲಿ ಅಮೋನಿಯಾವನ್ನು ಹನಿಹನಿಯಾಗಿ ಇಳಿಸಿ ತೋರಿಸಿದರು. ಆ ಹನಿಗಳಿಂದ ಕಾರ್ಖಾನೆಯವರೆಗಿನ ದಾರಿಯನ್ನು ಕಡಿದವರು ಕಾರ್ಲ್ ಬಾಷ್. ಬಿಸಿ ಹೈಡ್ರೋಜನ್ ಉಕ್ಕಿನ ಕೊಳವೆಯೊಳಕ್ಕೆ ನುಸುಳಿ ಅಲ್ಲಿದ್ದ ಇಂಗಾಲವನ್ನು ಕಿತ್ತುಕೊಳ್ಳುತ್ತಿತ್ತು. ಇಂಗಾಲ ಕಳೆದುಕೊಂಡ ಉಕ್ಕು ಬಲಗುಂದಿ ಸಿಡಿಯುತ್ತಿತ್ತು. ಲೋಹಶಾಸ್ತ್ರವನ್ನೂ ಬಲ್ಲ ಬಾಷ್ ಒಳಗಡೆ ಇಂಗಾಲ ತೀರಾ ಕಡಿಮೆಯಿರುವ ಮೆದು ಕಬ್ಬಿಣದ ಪದರವನ್ನಿಟ್ಟು, ಹೊರಗಿನ ಉಕ್ಕಿನ ಕವಚದಲ್ಲಿ ಸಣ್ಣ ರಂಧ್ರಗಳನ್ನು ಕೊರೆಸಿದರು. ಸೋರಿದ ಹೈಡ್ರೋಜನ್ ಹೊರಗೆ ಹೋಯಿತು, ಕವಚ ಉಳಿಯಿತು. ಇತ್ತ ಆಲ್ವಿನ್ ಮಿಟಾಷ್ ಅವರ ತಂಡ ಅಗ್ಗದ ವೇಗವರ್ಧಕಕ್ಕಾಗಿ ಸಾವಿರಾರು ಪರೀಕ್ಷೆಗಳನ್ನು ನಡೆಸಿ ಕೊನೆಗೆ ಕಬ್ಬಿಣಕ್ಕೇ ಬಂದು ನಿಂತಿತು. 1913ರಲ್ಲಿ ಓಪೌ ಎಂಬಲ್ಲಿ ಕಾರ್ಖಾನೆ ಕೆಲಸ ಆರಂಭಿಸಿತು. ಇಂದು ಮನುಷ್ಯರ ಮೈಯಲ್ಲಿರುವ ಸಾರಜನಕದ ಸುಮಾರು ಅರ್ಧದಷ್ಟು ಈ ವಿಧಾನದ ಗೊಬ್ಬರದ ಮೂಲಕ ಬಂದದ್ದೆಂದು ಅಂದಾಜಿದೆ.

ಇಲ್ಲಿ ಎಷ್ಟು ಬಾಗಿಲುಗಳು ತೆರೆದವು ನೋಡಿ: ಉಷ್ಣಗತಿಶಾಸ್ತ್ರ, ಲೋಹಶಾಸ್ತ್ರ, ಯಂತ್ರಶಾಸ್ತ್ರ, ಕೃಷಿ. ಇನ್ನೊಂದು ಬಾಗಿಲನ್ನು ಮುಚ್ಚಿಡುವುದು ಪ್ರಾಮಾಣಿಕವಾಗದು. ಅದೇ ಅಮೋನಿಯಾ ಮೊದಲ ಮಹಾಯುದ್ಧದಲ್ಲಿ ಸ್ಫೋಟಕಗಳ ಕಚ್ಚಾ ವಸ್ತುವಾಯಿತು. 1915ರಲ್ಲಿ ಬೆಲ್ಜಿಯಂನ ಇಪ್ರ್ ರಣಭೂಮಿಯಲ್ಲಿ ಕ್ಲೋರೀನ್ ಅನಿಲದ ದಾಳಿಯನ್ನು ಸಿದ್ಧಪಡಿಸಿದವರೂ ಹಾಬರ್ ಅವರೇ. ರಸಾಯನಜ್ಞರ ತರಬೇತಿಯಲ್ಲಿ ಈ ಅಧ್ಯಾಯವನ್ನು ಬಿಟ್ಟು ಕಲಿಸಬಾರದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಇನ್ನೊಂದು ಕಥೆ ಅಮೆರಿಕದ ಭೂರಸಾಯನಜ್ಞ ಕ್ಲೇರ್ ಪ್ಯಾಟರ್ಸನ್ ಅವರದು. ಭೂಮಿಯ ವಯಸ್ಸು ಕಂಡುಹಿಡಿಯಲು ಅವರು ಉಲ್ಕಾಶಿಲೆಯ ಚೂರುಗಳಲ್ಲಿರುವ ಸೀಸದ ಐಸೋಟೋಪುಗಳನ್ನು (ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳನ್ನು) ಅಳೆಯಬೇಕಿತ್ತು. ಯುರೇನಿಯಂ ನಿಶ್ಚಿತ ವೇಗದಲ್ಲಿ ಕ್ಷಯಿಸಿ ಸೀಸವಾಗುತ್ತದೆ, ಆದ್ದರಿಂದ ಸೀಸದ ಲೆಕ್ಕ ಕಾಲದ ಲೆಕ್ಕವೂ ಹೌದು. ಆದರೆ ಅಳತೆಗಳು ಹೊಂದಲೇ ಇಲ್ಲ. ಗಾಳಿ, ಧೂಳು, ಪಾತ್ರೆ, ಚರ್ಮ, ಕೂದಲು, ಎಲ್ಲ ಕಡೆಯಿಂದಲೂ ಸೀಸ ಮಾದರಿಗೆ ಸೇರಿಕೊಳ್ಳುತ್ತಿತ್ತು. ಪ್ಯಾಟರ್ಸನ್ ವರ್ಷಗಟ್ಟಲೆ ಸ್ವಚ್ಛತೆಯ ಹಿಂದೆ ಬಿದ್ದರು. ಅವರು ಕಟ್ಟಿದ ಅತಿಸ್ವಚ್ಛ ಪ್ರಯೋಗಾಲಯ ಮುಂದಿನವರಿಗೆ ಮಾದರಿಯಾಯಿತು. 1956ರಲ್ಲಿ ಅವರು ಪ್ರಕಟಿಸಿದ ಸಂಖ್ಯೆ 455 ಕೋಟಿ ವರ್ಷ. ಇಂದಿಗೂ ಅದು ಹೆಚ್ಚುಕಡಿಮೆ ಹಾಗೆಯೇ ನಿಂತಿದೆ.

ಬೇರೆಯವರಾಗಿದ್ದರೆ ಅಲ್ಲಿಗೆ ನಿಲ್ಲುತ್ತಿದ್ದರೇನೋ. ತನ್ನ ಮಾದರಿಗಳನ್ನು ಕೆಡಿಸಿದ ಆ ಸೀಸ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಪ್ಯಾಟರ್ಸನ್ ಬಿಡಲಿಲ್ಲ. ಸಮುದ್ರದ ನೀರನ್ನೂ ಧ್ರುವಪ್ರದೇಶದ ಹಿಮದ ಪದರಗಳನ್ನೂ ಪರೀಕ್ಷಿಸಿದರು. ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಸಂಯುಕ್ತ ಜಗತ್ತಿನ ಗಾಳಿಯನ್ನೇ ಮಲಿನಗೊಳಿಸಿದೆ ಎಂದು 1965ರಿಂದ ಬಹಿರಂಗವಾಗಿ ವಾದಿಸಿದರು. ಉದ್ಯಮದ ವಿರೋಧವನ್ನು ಎದುರಿಸಿದರು. ಸೀಸದ ಪೆಟ್ರೋಲನ್ನು ದೇಶಗಳು ಒಂದೊಂದಾಗಿ ಕೈಬಿಟ್ಟವು. ಕಾರುಗಳಿಗೆ ಅದರ ಮಾರಾಟ ಜಗತ್ತಿನಲ್ಲಿ ಎಲ್ಲಿಯೂ ಉಳಿಯದಂತಾದದ್ದು 2021ರಲ್ಲಿ. ಒಬ್ಬರು ಖಗೋಳದ ಶಿಲೆಯಿಂದ ಹೊರಟು ಮಕ್ಕಳ ಆರೋಗ್ಯಕ್ಕೆ ಬಂದು ಸೇರಿದರು. ವೃತ್ತಿಯ ಹೆಸರು ಮಾತ್ರ ಭೂರಸಾಯನಜ್ಞ ಎಂದೇ ಉಳಿಯಿತು.

ಹಾಗಾದರೆ ಇಂದು ಈ ನಡುಮನೆಯಲ್ಲಿ ನಿಂತವರ ಮುಂದೆ ಯಾವ ಬಾಗಿಲುಗಳಿವೆ? ಬೋಧನೆ, ಸಂಶೋಧನೆ, ಔಷಧ ಕಂಪನಿ ಎಂಬ ಮೂರು ಉತ್ತರಗಳು ಎಲ್ಲರಿಗೂ ಗೊತ್ತು. ಔಷಧ ಕಂಪನಿಯೊಳಗೇ ಎಷ್ಟು ಬಗೆಯ ಕೆಲಸಗಳಿವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಹೊಸ ಅಣುವನ್ನು ಕಟ್ಟುವವರು ಬೇರೆ, ಅದು ಮಾತ್ರೆಯಾಗಿ ಹೊಟ್ಟೆಯಲ್ಲಿ ಸರಿಯಾದ ಹೊತ್ತಿಗೆ ಕರಗುವಂತೆ ಮಾಡುವವರು ಬೇರೆ, ಅದರಲ್ಲಿ ಉಳಿದ ಕಲ್ಮಶ ಎಷ್ಟೆಂದು ಅಳೆಯುವವರು ಬೇರೆ. ನನಗೆ ಅತ್ಯಂತ ಗೌರವವಿರುವುದು ಪ್ರಕ್ರಿಯಾ ರಸಾಯನಜ್ಞರ ಮೇಲೆ. ಗ್ರಾಂ ಲೆಕ್ಕದ ಕ್ರಿಯೆಯನ್ನು ಟನ್ ಲೆಕ್ಕಕ್ಕೆ ಒಯ್ಯುವುದು ಅವರ ಕೆಲಸ. ಪಾತ್ರೆಯ ಅಗಲ ಎತ್ತರಗಳೆಲ್ಲ ಹತ್ತು ಪಟ್ಟಾದರೆ ಒಳಗಿನ ದ್ರವ ಸಾವಿರ ಪಟ್ಟಾಗುತ್ತದೆ, ಶಾಖ ಹೊರಹೋಗುವ ಮೇಲ್ಮೈ ನೂರೇ ಪಟ್ಟು. ಚಿಕ್ಕ ಗಾಜಿನ ಪಾತ್ರೆಯಲ್ಲಿ ಸದ್ದಿಲ್ಲದೆ ನಡೆದ ಕ್ರಿಯೆ ದೊಡ್ಡ ತೊಟ್ಟಿಯಲ್ಲಿ ಕೈಮೀರಿ ಸ್ಫೋಟಿಸಬಹುದು. ಇದನ್ನು ಮೊದಲೇ ಲೆಕ್ಕ ಹಾಕಿ ತಡೆಯುವವರ ಹೆಸರು ಎಲ್ಲಿಯೂ ಅಚ್ಚಾಗುವುದಿಲ್ಲ. ಅವರು ಸರಿಯಾಗಿ ಕೆಲಸ ಮಾಡಿದ ದಿನ ಸುದ್ದಿಯೇ ಇರುವುದಿಲ್ಲ.

ವಿಶ್ಲೇಷಣೆ ಕಲಿತವರಿಗೆ ಬಾಗಿಲುಗಳು ಇನ್ನೂ ಹೆಚ್ಚು: ಕುಡಿಯುವ ನೀರಿನ ಪರೀಕ್ಷೆ, ಕ್ರೀಡಾಪಟುಗಳ ಉದ್ದೀಪನ ಮದ್ದಿನ ಪತ್ತೆ, ವಿಧಿವಿಜ್ಞಾನ. 1836ರಲ್ಲಿ ಜೇಮ್ಸ್ ಮಾರ್ಷ್ ಆರ್ಸೆನಿಕ್ ವಿಷವನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಪ್ರಕಟಿಸಿದಾಗಿನಿಂದ ನ್ಯಾಯಾಲಯಕ್ಕೂ ಪ್ರಯೋಗಾಲಯಕ್ಕೂ ನಂಟು ಬೆಳೆಯುತ್ತಲೇ ಬಂದಿದೆ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಚಿತ್ರದ ವರ್ಣದ್ರವ್ಯ ಏಕೆ ಕಂದುತ್ತಿದೆ ಎಂದು ಹುಡುಕುವವರಿದ್ದಾರೆ. ಪೇಟೆಂಟ್ ಅರ್ಜಿಯನ್ನು ಓದಿ ಈ ಅಣು ನಿಜಕ್ಕೂ ಹೊಸದೇ ಎಂದು ನಿರ್ಧರಿಸುವವರಿದ್ದಾರೆ. ಕಂಪ್ಯೂಟರಿನ ಕಡೆಯ ಬಾಗಿಲಂತೂ ಈಗ ಪೂರ್ತಿ ತೆರೆದಿದೆ: 2024ರ ರಸಾಯನಶಾಸ್ತ್ರದ ನೊಬೆಲ್ ಪ್ರೋಟೀನುಗಳ ಆಕಾರವನ್ನು ಗಣಕದಿಂದ ಊಹಿಸಿದವರಿಗೂ ಹೊಸ ಪ್ರೋಟೀನುಗಳನ್ನು ವಿನ್ಯಾಸ ಮಾಡಿದವರಿಗೂ ಸಂದಿತು.

ರಸಾಯನಶಾಸ್ತ್ರದ ನೊಬೆಲ್ ಜೀವಶಾಸ್ತ್ರದ ಪಾಲಾಗುತ್ತಿದೆ ಎಂದು ಕೆಲವು ರಸಾಯನಜ್ಞರು ಬೇಸರಪಡುವುದುಂಟು. ನನಗೆ ಆ ಬೇಸರವಿಲ್ಲ. ನಡುಮನೆಗೆ ಎಲ್ಲ ಕೋಣೆಗಳವರೂ ಬರುತ್ತಾರೆ. ವೆಂಕಟರಾಮನ್ ರಾಮಕೃಷ್ಣನ್ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಜೀವಶಾಸ್ತ್ರದ ತರಗತಿಗಳಲ್ಲಿ ಕುಳಿತರು; ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ರೈಬೋಸೋಮಿನ ರಚನೆಗಾಗಿ 2009ರಲ್ಲಿ ಅವರಿಗೆ ಬಂದದ್ದು ರಸಾಯನಶಾಸ್ತ್ರದ ನೊಬೆಲ್.

ಕೋಣೆಯಿಂದ ಕೋಣೆಗೆ ಹೋಗುವಾಗ ಕೈಯಲ್ಲಿ ಒಂದು ಉಪಕರಣವಾದರೂ ಗಟ್ಟಿಯಾಗಿ ಇರಬೇಕು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಲ್ಲವರಿಗಿಂತ ಒಂದು ವರ್ಣಪಟಲವನ್ನು, ಒಂದು ಸಂಶ್ಲೇಷಣೆಯನ್ನು, ಒಂದು ಗಣನಾ ವಿಧಾನವನ್ನು ತಳ ಮುಟ್ಟುವ ತನಕ ಕಲಿತವರು ದೂರ ಹೋಗುತ್ತಾರೆ. ರೊಸಾಲಿಂಡ್ ಫ್ರಾಂಕ್ಲಿನ್ ಕಲ್ಲಿದ್ದಲಿನ ಸೂಕ್ಷ್ಮ ರಂಧ್ರಗಳನ್ನು ಅಧ್ಯಯನ ಮಾಡಿ 1945ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು. ಪ್ಯಾರಿಸ್‌ನಲ್ಲಿ ಇಂಗಾಲದ ಮೇಲೆಯೇ ಕ್ಷ-ಕಿರಣ ವಿವರ್ತನೆಯನ್ನು (ಕಿರಣಗಳು ಚದುರುವ ಬಗೆಯಿಂದ ಪರಮಾಣುಗಳ ಜೋಡಣೆಯನ್ನು ತಿಳಿಯುವ ವಿಧಾನವನ್ನು) ಕರಗತ ಮಾಡಿಕೊಂಡರು. ಅದೇ ಕೌಶಲವನ್ನು ಲಂಡನ್ನಿಗೆ ತಂದು ಡಿಎನ್‌ಎ ಎಳೆಗಳ ಮೇಲೆ ಬಳಸಿದಾಗ, 1952ರಲ್ಲಿ ಅವರ ಮಾರ್ಗದರ್ಶನದಲ್ಲಿ ತೆಗೆದ ಚಿತ್ರವೊಂದು ಜೋಡಿಸುರುಳಿಯ ರಚನೆಗೆ ಮುಖ್ಯ ಸಾಕ್ಷ್ಯವಾಯಿತು. ಆಮೇಲೆ ವೈರಸ್‌ಗಳ ರಚನೆಯತ್ತ ಹೊರಳಿದರು. 1958ರಲ್ಲಿ, 37ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಆ ಕೆಲಸ ಅರ್ಧದಲ್ಲಿತ್ತು. ಅದನ್ನು ಮುಂದುವರಿಸಿದವರು ಸಹೋದ್ಯೋಗಿ ಆರನ್ ಕ್ಲುಗ್. ಅವರಿಗೆ 1982ರಲ್ಲಿ ನೊಬೆಲ್ ಬಂದಾಗ ಅದು ಬಂದದ್ದೂ ರಸಾಯನಶಾಸ್ತ್ರದ ವಿಭಾಗದಲ್ಲಿಯೇ.