ಹೆಸರಿನ ವಯಸ್ಸು ಬೇರೆ, ಪರಂಪರೆಯ ವಯಸ್ಸು ಬೇರೆ

ಮಕ್ಕಳನ್ನು ಟೇಕ್ವಾಂಡೋ ಕ್ಲಾಸಿಗೆ ಸೇರಿಸಲು ಬರುವ ಅಪ್ಪ ಅಮ್ಮಂದಿರು ಫೀಸು, ಟೈಮಿಂಗ್ ಎಲ್ಲ ವಿಚಾರಿಸಿದ ಮೇಲೆ ಒಂದು ಮಾತು ಕೇಳಿಯೇ ಕೇಳುತ್ತಾರೆ: ‘ಸರ್, ಇದು ಎರಡು ಸಾವಿರ ವರ್ಷ ಹಳೇದಂತೆ, ಹೌದಾ?’ ಎಷ್ಟೋ ಪಾಂಪ್ಲೆಟ್‌ಗಳಲ್ಲಿ ಹಾಗೇ ಅಚ್ಚಾಗಿರುತ್ತದೆ. ಹೌದು ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಕಲಿಸುವವನಾಗಿ ನಾನು ಹಾಗೆ ಹೇಳುವುದಿಲ್ಲ. ಟೇಕ್ವಾಂಡೋ ಅನ್ನುವ ಹೆಸರು ಬಂದದ್ದು 1955ರಲ್ಲಿ.

ಕೊರಿಯಾದ ಯಾವ ಸಮರಕಲೆಯ ಬಗ್ಗೆಯೇ ಆಗಲಿ, ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಈ ಹೆಸರು ಯಾವಾಗಿನದು? ಇವತ್ತು ಕಲಿಸುತ್ತಿರುವ ಪಟ್ಟುಗಳು ಯಾರಿಂದ ಯಾರಿಗೆ ಬಂದವು? ಎರಡಕ್ಕೂ ಒಂದೇ ಉತ್ತರ ಸಿಗುವುದು ಅಪರೂಪ.

1910ರಿಂದ 1945ರವರೆಗೆ ಕೊರಿಯಾ ಜಪಾನಿನ ಕೈಯಲ್ಲಿತ್ತು. ಓದಲು ಟೋಕಿಯೋಗೆ ಹೋದ ಕೊರಿಯನ್ ಹುಡುಗರಲ್ಲಿ ಕೆಲವರು ಅಲ್ಲಿ ಕರಾಟೆ ಕಲಿತರು. ಊರಿಗೆ ಮರಳಿ, 1944ರಿಂದ 1946ರ ನಡುವೆ ಒಂದೊಂದೇ ಶಾಲೆ ತೆರೆದರು. ಇವಕ್ಕೆ ಕ್ವಾನ್ ಎನ್ನುತ್ತಾರೆ. ನಮ್ಮ ಗರಡಿಮನೆ ಇದ್ದ ಹಾಗೆ: ಒಬ್ಬ ಉಸ್ತಾದ್, ಅವರ ಹುಡುಗರು, ಅವರದೇ ವರಸೆ. ಲೀ ವೊನ್ ಕುಕ್ ಅವರ ಚುಂಗ್‌ಡೋಕ್ವಾನ್, ರೋ ಬ್ಯುಂಗ್ ಜಿಕ್ ಅವರ ಸೊಂಗ್‌ಮೂಕ್ವಾನ್, ಹ್ವಾಂಗ್ ಕೀ ಅವರ ಮೂಡೊಕ್‌ಕ್ವಾನ್, ಯೂನ್ ಬ್ಯುಂಗ್ ಇನ್ ಆರಂಭಿಸಿದ ಚಾಂಗ್‌ಮೂಕ್ವಾನ್, ಮತ್ತು ಮುಂದೆ ಜಿಡೋಕ್ವಾನ್ ಎಂದಾದ ಚುನ್ ಸಾಂಗ್ ಸುಪ್ ಅವರ ಶಾಲೆ. ಇವು ಮೊದಲ ಐದು. ಇವರಲ್ಲಿ ಹ್ವಾಂಗ್ ಕೀ ಮಾತ್ರ ಟೋಕಿಯೋದಲ್ಲಿ ಕಲಿತವರಲ್ಲ.

ಲೀ ಮತ್ತು ರೋ ಇಬ್ಬರೂ ಕರಾಟೆ ಗುರು ಗಿಚಿನ್ ಫುನಾಕೋಶಿ ಅವರ ಶಿಷ್ಯರು. ಫುನಾಕೋಶಿ ಅವರ ಶಾಲೆಯ ಹೆಸರು ಶೋಟೋಕಾನ್, ಅಂದರೆ ಪೈನ್ ಮರ ಮತ್ತು ಅಲೆ. ಸೊಂಗ್‌ಮೂಕ್ವಾನ್ ಹೆಸರಲ್ಲಿ ಆ ಪೈನ್ ಅಕ್ಷರ ಇದೆ, ಚುಂಗ್‌ಡೋಕ್ವಾನ್ ಹೆಸರಲ್ಲಿ ಆ ಅಲೆಯ ಅಕ್ಷರ ಇದೆ. ಯೂನ್ ಅವರ ದಾರಿ ಬೇರೆ. ಅವರು ಮಂಚೂರಿಯಾದಲ್ಲಿ ಚೀನೀ ಮುಷ್ಟಿಕಲೆ ಕಲಿತು, ಆಮೇಲೆ ಟೋಕಿಯೋದಲ್ಲಿ ಕಾನ್‌ಕೆನ್ ತೋಯಾಮಾ ಅವರ ಹತ್ತಿರ ಕರಾಟೆ ಕಲಿತವರು. ಯೂನ್ ಮತ್ತು ಚುನ್ ಇಬ್ಬರೂ ಕೊರಿಯಾ ಯುದ್ಧದ ಗೊಂದಲದಲ್ಲಿ ಕಣ್ಮರೆಯಾದರು. ಆ ಎರಡು ಕ್ವಾನ್‌ಗಳನ್ನು ಉಳಿಸಿದವರು ಶಿಷ್ಯರು ಮತ್ತು ಜೊತೆಗಾರರು. ಪೋಸ್ಟರ್‌ಗಳಲ್ಲಿ ಅವರ ಹೆಸರು ಇರುವುದೇ ಇಲ್ಲ, ಅದು ನನಗೆ ಬೇಜಾರಿನ ವಿಷಯ.

ಆ ಕಾಲದಲ್ಲಿ ಯಾರೂ ಟೇಕ್ವಾಂಡೋ ಅನ್ನುತ್ತಿರಲಿಲ್ಲ. ಜಾಸ್ತಿ ಬಳಕೆಯಲ್ಲಿದ್ದ ಹೆಸರು ತಾಂಗ್‌ಸೂಡೋ. ಕರಾಟೆಯನ್ನು ಮೊದಲು ಬರೆಯುತ್ತಿದ್ದ ಚೀನೀ ಅಕ್ಷರಗಳನ್ನೇ ಕೊರಿಯನ್ ಬಾಯಲ್ಲಿ ಓದಿದರೆ ತಾಂಗ್‌ಸೂ ಆಗುತ್ತದೆ. ಮೂಲ ತಿಳಿಯಲು ಹೆಸರಿಗಿಂತಲೂ ಒಳ್ಳೆಯ ಸಾಕ್ಷಿ ಇನ್ನೊಂದಿದೆ. ಅದು ಫಾರ್ಮ್, ಅಂದರೆ ಒಬ್ಬರೇ ಗೊತ್ತಾದ ಕ್ರಮದಲ್ಲಿ ಮಾಡುವ ಪಟ್ಟುಗಳ ಸಾಲು. ಜಪಾನಿನಲ್ಲಿ ಇದಕ್ಕೆ ಕಟಾ ಎನ್ನುತ್ತಾರೆ.

ತಾಂಗ್‌ಸೂಡೋದವರು ಆರಂಭದಲ್ಲೇ ಕಲಿಯುವ ಫಾರ್ಮ್‌ಗಳಲ್ಲಿ ಪ್ಯೊಂಗ್‌ಆನ್ ಸರಣಿ ಇದೆ. ಒಟ್ಟು ಐದು. ಒಕಿನಾವಾದ ಕರಾಟೆ ಗುರು ಅಂಕೋ ಇತೋಸು ಶಾಲಾ ಮಕ್ಕಳಿಗೆಂದು ರೂಪಿಸಿದ ಪಿನಾನ್ ಕಟಾಗಳೇ ಇವು. ಫುನಾಕೋಶಿ ಅವನ್ನು ಹೇಯಾನ್ ಎಂದು ಕರೆದರು. ಜೊತೆಗೆ ಇನ್ನೊಂದು ಬದಲಾವಣೆಯನ್ನೂ ಮಾಡಿದರು: ಮೊದಲನೆಯದನ್ನು ಎರಡನೆಯದಾಗಿ, ಎರಡನೆಯದನ್ನು ಮೊದಲನೆಯದಾಗಿ ಇಟ್ಟರು. ಕೊರಿಯಾದ ಮೊದಲ ಪ್ಯೊಂಗ್‌ಆನ್ ನೋಡಿ. ಎಡಕ್ಕೆ ತಿರುಗಿ ಕೆಳತಡೆ, ಒಂದು ಹೆಜ್ಜೆ ಮುಂದಿಟ್ಟು ಹೊಟ್ಟೆಯ ಮಟ್ಟಕ್ಕೆ ಗುದ್ದು. ಇದು ಫುನಾಕೋಶಿ ಅವರ ಕ್ರಮದಲ್ಲಿ ಮೊದಲನೆಯದು, ಇತೋಸು ಅವರ ಕ್ರಮದಲ್ಲಿ ಎರಡನೆಯದು. ಅಂದರೆ ಈ ಫಾರ್ಮ್ ಯಾರ ಕೈದಾಟಿ ಬಂತು ಅಂತ ಯಾವ ಸರ್ಟಿಫಿಕೇಟೂ ಇಲ್ಲದೆ ಗೊತ್ತಾಗುತ್ತದೆ.

ನಮ್ಮ ಕ್ಲಾಸಿನಲ್ಲಿ ವೈಟ್ ಬೆಲ್ಟ್ ಹುಡುಗರು ಮಾಡುವ ತೇಗುಕ್ ಇಲ್‌ಜಾಂಗ್ ಎಂಬ ಫಾರ್ಮ್ ಕೂಡ ಹೀಗೇ ಶುರುವಾಗುತ್ತದೆ. ಎಡಕ್ಕೆ ತಿರುಗು, ಕೆಳತಡೆ, ಹೆಜ್ಜೆ, ಗುದ್ದು. ಕಾಲು ಮಾತ್ರ ಬೇರೆ. ಹೇಯಾನ್‌ನಲ್ಲಿ ಮುಂದಿನ ಮೊಣಕಾಲು ಚೆನ್ನಾಗಿ ಬಾಗಿ ನಿಲುವು ಉದ್ದವಾಗುತ್ತದೆ. ತೇಗುಕ್‌ನಲ್ಲಿ ದಾರಿಯಲ್ಲಿ ನಡೆದು ಹೋಗುವಾಗ ಇಡುವಷ್ಟೇ ಹೆಜ್ಜೆ. ಇದರಿಂದ ಟೇಕ್ವಾಂಡೋ ಯಾವ ರೀತಿಯಲ್ಲೂ ಚಿಕ್ಕದಾಗುವುದಿಲ್ಲ. ಆ ಎತ್ತರದ ನಿಲುವು, ಕಾಲಿನ ವೇಗ, ಗಿರ್ರನೆ ತಿರುಗಿ ಹೊಡೆಯುವ ಒದೆತ, ಎದೆಗೆ ಕವಚ ಕಟ್ಟಿ ಪೂರ್ತಿ ಬಲದಿಂದ ಆಡುವ ಪಂದ್ಯ, ಇವೆಲ್ಲ ಕೊರಿಯನ್ನರು ಆಮೇಲೆ ದಶಕಗಟ್ಟಲೆ ಬೆವರು ಸುರಿಸಿ ಕಟ್ಟಿದ್ದು.

ಕ್ವಾನ್‌ಗಳು ಒಂದಾಗಲು ಬಹಳ ವರ್ಷ ಹಿಡಿಯಿತು. 1961ರಲ್ಲಿ ಅವು ಸೇರಿದ ಸಂಘದ ಹೆಸರು ತೇಸೂಡೋ ಆಯಿತು, 1965ರಲ್ಲಿ ಮತ್ತೆ ಟೇಕ್ವಾಂಡೋ. ಈ ಹೆಸರಿಗಾಗಿ ಹಟ ಹಿಡಿದ ಜನರಲ್ ಚೋಯ್ ಹೊಂಗ್ ಹಿ 1966ರಲ್ಲಿ ಐಟಿಎಫ್ (ಅಂತರರಾಷ್ಟ್ರೀಯ ಟೇಕ್ವಾಂಡೋ ಒಕ್ಕೂಟ) ಕಟ್ಟಿದರು. 1972ರಲ್ಲಿ ಸಿಯೋಲಿನಲ್ಲಿ ಟೇಕ್ವಾಂಡೋದ ಕೇಂದ್ರವಾದ ಕುಕ್ಕಿವೊನ್, ಮರುವರ್ಷ ಈಗ ವರ್ಲ್ಡ್ ಟೇಕ್ವಾಂಡೋ ಎನ್ನುವ ಸಂಸ್ಥೆ. 1978ರಲ್ಲಿ ಕ್ವಾನ್‌ಗಳು ಅಧಿಕೃತವಾಗಿ ವಿಲೀನವಾದವು. ಇವತ್ತು ಕುಕ್ಕಿವೊನ್ ದಾರಿಯಲ್ಲಿ ಕಲಿಯುವವರೆಲ್ಲ ಒಂದೇ ಪೂಮ್ಸೆ (ಟೇಕ್ವಾಂಡೋ ಫಾರ್ಮ್) ಮಾಡುತ್ತಾರೆ. ಹಾಗಾಗಿ ತಮ್ಮ ಮಾಸ್ಟರ್‌ನ ಮಾಸ್ಟರ್ ಯಾವ ಕ್ವಾನ್‌ನವರು ಅಂತ ಹೆಚ್ಚಿನವರಿಗೆ ತಿಳಿದಿರುವುದಿಲ್ಲ.

ವಿಲೀನಕ್ಕೆ ಒಪ್ಪದೆ ಹೊರಗೇ ಉಳಿದವರು ಹ್ವಾಂಗ್ ಕೀ. ಅವರ ಶಿಷ್ಯರಲ್ಲಿ ಅನೇಕರು ಟೇಕ್ವಾಂಡೋ ಕಡೆ ಹೋದರೂ ಅವರು ಹೋಗಲಿಲ್ಲ. 1957ರಲ್ಲಿ ಲೈಬ್ರರಿಯೊಂದರಲ್ಲಿ ಅವರಿಗೆ ‘ಮುಯೆದೊಬೊತೊಂಗ್ಜಿ’ ಸಿಕ್ಕಿತು. 1790ರಲ್ಲಿ ರಾಜ ಜೊಂಗ್ಜೋ ಬರೆಯಿಸಿದ ಸಚಿತ್ರ ಸೈನಿಕ ಕೈಪಿಡಿ ಅದು. ಅದರಲ್ಲಿರುವ 24 ವಿದ್ಯೆಗಳಲ್ಲಿ ಹೆಚ್ಚಿನವು ಕತ್ತಿ, ಭರ್ಜಿ, ಕುದುರೆ ಸವಾರಿಯವು. ಬರಿಗೈಯದು ಒಂದೇ ಅಧ್ಯಾಯ. ಅದನ್ನು ಓದಿ ಹ್ವಾಂಗ್ ಹೊಸ ಫಾರ್ಮ್‌ಗಳನ್ನು ರಚಿಸಿದರು, ತಮ್ಮ ಕಲೆಗೆ ಸೂಬಾಕ್‌ಡೋ ಅಂತ ಹೆಸರಿಟ್ಟರು.

ಸೂಬಾಕ್ ಅಂದರೆ ಬರಿಗೈ ಕಾದಾಟ, ನಿಜಕ್ಕೂ ಹಳೆಯ ಹೆಸರು. ಗೊರ್ಯೋ ರಾಜವಂಶದ ಕಾಲದ ಇತಿಹಾಸದಲ್ಲೇ ಅದು ಬರುತ್ತದೆ. 1170ರಲ್ಲಿ ರಾಜ ಉಯಿಜೊಂಗ್ ಏರ್ಪಡಿಸಿದ್ದ ಸೂಬಾಕ್ ಪಂದ್ಯದಲ್ಲಿ ವಯಸ್ಸಾದ ಸೇನಾಧಿಕಾರಿಯೊಬ್ಬರು ಸೋತು ಹಿಂದೆ ಸರಿದಾಗ, ಆಸ್ಥಾನದ ಅಧಿಕಾರಿಯೊಬ್ಬ ಅವರ ಕೆನ್ನೆಗೆ ಹೊಡೆದ. ಸೈನಿಕರು ದಂಗೆ ಎದ್ದು ಅಧಿಕಾರ ಹಿಡಿದದ್ದು ಆ ಘಟನೆಯ ಬೆನ್ನಿಗೇ. ಇಷ್ಟು ತೂಕದ ಹೆಸರು! ಆದರೆ ಆ ಮೈದಾನದಲ್ಲಿ ಆಡಿದವರಿಂದ ಹ್ವಾಂಗ್ ಕೀವರೆಗೆ ಗುರು ಶಿಷ್ಯರ ಸರಪಳಿ ಇಲ್ಲ. 357ರ ಆನಾಕ್ ಗೋರಿಯ ಗೋಡೆಯಲ್ಲಿ ಎದುರುಬದುರು ನಿಂತ ಇಬ್ಬರ ಚಿತ್ರದ ಕಥೆಯೂ ಅಷ್ಟೇ. ಚಿತ್ರ ಇದೆ, ಆದರೆ ಅದನ್ನು ಕೈಹಿಡಿದು ಕಲಿಸಿಕೊಂಡು ಬಂದವರು ಇಲ್ಲ.

ಹಾಪ್ಕಿಡೋ ಎಂಬ ಇನ್ನೊಂದು ಕೊರಿಯನ್ ಕಲೆಯಲ್ಲಿ ಸಿಕ್ಕು ಬೇರೆ ತರಹದ್ದು. ಅದರ ಮೂಲಪುರುಷ ಚೋಯ್ ಯೊಂಗ್ ಸುಲ್ ತಾವು ಜಪಾನಿನಲ್ಲಿ ದೈತೋರ್ಯು ಎಂಬ ಜುಜುತ್ಸು ಪರಂಪರೆಯ ಗುರು ಸೋಕಾಕು ತಾಕೇಡಾ ಅವರ ಬಳಿ ಬೆಳೆದವರು ಎನ್ನುತ್ತಿದ್ದರು. ತಾಕೇಡಾ ಶಿಷ್ಯರ ಹೆಸರು ಬರೆದಿಡುತ್ತಿದ್ದ ಪುಸ್ತಕಗಳಲ್ಲಿ ಚೋಯ್ ಹೆಸರು ಸಿಕ್ಕಿಲ್ಲ. ಆದರೂ ಮಣಿಕಟ್ಟು ತಿರುಚುವ, ಕೀಲು ಹಿಡಿದು ಕೆಡಹುವ ರೀತಿ ನೋಡಿದರೆ ಆ ಮನೆತನದ್ದೇ ವಿದ್ಯೆ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಒದೆತಗಳನ್ನು ಸೇರಿಸಿ ಈಗಿನ ರೂಪಕ್ಕೆ ತಂದವರಲ್ಲಿ ಜಿ ಹಾನ್ ಜೇ ಮುಖ್ಯರು.

ಹೆಸರೂ ಹಳೆಯದು, ಕಲಿಸಿದವರ ಸಾಲೂ ಇದೆ ಅನ್ನಬಹುದಾದದ್ದು ತೆಕ್ಯೋನ್. ಮೈ ತೂಗಾಡಿಸುತ್ತಾ, ಲಯಕ್ಕೆ ಹೆಜ್ಜೆ ಹಾಕುತ್ತಾ, ಎದುರಾಳಿಯ ಕಾಲಿಗೆ ಕಾಲು ಕೊಟ್ಟು ಬೀಳಿಸುವ ಆಟ. ನೋಡಿದರೆ ಟೇಕ್ವಾಂಡೋ ಜೊತೆ ಹೋಲಿಕೆ ತುಂಬ ಕಡಿಮೆ. ಯೂ ಸುಕ್ ಎಂಬ ಕಲಾವಿದ 1846ರಲ್ಲಿ ಬರೆದ ಚಿತ್ರದಲ್ಲಿ ಜನ ಸುತ್ತ ಕೂತು ಸಿರಿಯುಮ್ ಕುಸ್ತಿ ಮತ್ತು ತೆಕ್ಯೋನ್ ಎರಡನ್ನೂ ನೋಡುತ್ತಿದ್ದಾರೆ. ಆದರೆ ಆ ಸಾಲು ಎಷ್ಟು ತೆಳುವಾಗಿತ್ತು ಅಂದರೆ, ಒಂದು ಹಂತದಲ್ಲಿ ಬಹುಮಟ್ಟಿಗೆ ಒಬ್ಬರ ಮೇಲೆ ನಿಂತಿತ್ತು. 1893ರಲ್ಲಿ ಹುಟ್ಟಿದ ಸೊಂಗ್ ದೊಕ್ ಗಿ, ಇಮ್ ಹೋ ಎಂಬ ಗುರುವಿನಿಂದ ಸಿಯೋಲಿನಲ್ಲಿ ಕಲಿತವರು. ಶಿನ್ ಹಾನ್ ಸುಂಗ್ ಎಂಬವರು ಈ ಸೊಂಗ್ ಅವರಿಂದ ಕಲಿತು, ಎಲ್ಲವನ್ನೂ ಪಾಠದ ಕ್ರಮಕ್ಕೆ ಜೋಡಿಸಿ, ಸರ್ಕಾರದ ಬಾಗಿಲು ತಟ್ಟಿದರು. 1983ರಲ್ಲಿ ತೆಕ್ಯೋನ್ ಕೊರಿಯಾದ 76ನೇ ಅಮೂರ್ತ ಸಾಂಸ್ಕೃತಿಕ ಆಸ್ತಿಯಾಯಿತು. 1987ರಲ್ಲಿ ಗುರು ಶಿಷ್ಯ ಇಬ್ಬರೂ ತೀರಿಕೊಂಡರು. ಮಾನ್ಯತೆ ಒಂದು ನಾಲ್ಕು ವರ್ಷ ತಡವಾಗಿದ್ದರೆ ಏನಾಗುತ್ತಿತ್ತೋ. 2011ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಈಗ ತೆಕ್ಯೋನ್‌ನಲ್ಲೂ ಒಂದಕ್ಕಿಂತ ಹೆಚ್ಚು ಬಣಗಳಿವೆ. ಚುಂಗ್ಜು ನಗರದಲ್ಲಿ ಶಿನ್ ಜೋಡಿಸಿದ ಪಾಠ ನಡೆಯುತ್ತದೆ. ಸಿಯೋಲಿನ ವಿದೆ ತೆಕ್ಯೋನ್ ಗುಂಪಿನವರು ಸೊಂಗ್ ನೇರವಾಗಿ ಕಲಿಸಿದ್ದನ್ನೇ ಇಟ್ಟುಕೊಂಡಿದ್ದೇವೆ ಎನ್ನುತ್ತಾರೆ. ಇನ್ನೊಂದು ಸಂಘ ಅದನ್ನು ಪಂದ್ಯದ ಕ್ರೀಡೆಯಾಗಿ ಬೆಳೆಸಿದೆ. ಇಲ್ಲಿ ಯಾರಾದರೂ ನಿಮಗೆ ತೆಕ್ಯೋನ್ ಕಲಿಸುತ್ತೇನೆ ಅಂದರೆ ಎಷ್ಟು ವರ್ಷ ಹಳೇದು ಅಂತ ಕೇಳಬೇಡಿ. ಯಾವ ಬಣದ್ದು, ನೀವು ಯಾರ ಹತ್ತಿರ ಕಲಿತಿರಿ ಅಂತ ಕೇಳಿ.