ಕಾಳುಮೆಣಸಿನ ಕರಾರಿಗೆ ಯಾವ ದೇಶದ ಕಾನೂನು?

ಶಿರಸಿಯಲ್ಲಿ ತೂಗಿ ಚೀಲಕ್ಕೆ ತುಂಬಿದ ಕಾಳುಮೆಣಸು ವಿದೇಶಕ್ಕೆ ಹೊರಡುವ ಮೊದಲು ಅದರ ತೇವಾಂಶವೆಷ್ಟು, ಲೀಟರಿಗೆ ಎಷ್ಟು ಗ್ರಾಂ ತೂಗುತ್ತದೆ ಎಂಬುದರ ಮೇಲೆ ಬಹಳ ಹೊತ್ತು ಮಾತು ನಡೆಯುತ್ತದೆ. ಕರಾರಿನ ಕೊನೆಯ ಪುಟದ ಒಂದು ಷರತ್ತಿನ ಮೇಲೆ ಮಾತ್ರ ಮಾತು ನಡೆಯುವುದು ಅಪರೂಪ. ತಕರಾರು ಬಂದರೆ ಯಾವ ದೇಶದ ಕಾನೂನಿನಂತೆ, ಯಾವ ಊರಿನಲ್ಲಿ ಬಗೆಹರಿಸಬೇಕೆಂದು ಹೇಳುವ ಆ ಸಾಲು ಎಷ್ಟೋ ಸಲ ಮೊದಲೇ ಅಚ್ಚಾಗಿ ಬಂದಿರುತ್ತದೆ. ಹೀಗೆ ಅಸಂಖ್ಯ ಕರಾರುಗಳಲ್ಲಿ ಆದ ಆಯ್ಕೆ ಕೆಲವು ದೇಶಗಳ ಕಾನೂನನ್ನು ಬೆಳೆಸಿದೆ, ಕೆಲವೆಡೆ ಬೆಳೆಯದಂತೆಯೂ ಮಾಡಿದೆ.

ಗೇರುಸೊಪ್ಪೆಯ ಚೆನ್ನಭೈರಾದೇವಿಯ ಸೀಮೆಯ ಮೆಣಸನ್ನು ಪೋರ್ಚುಗೀಸರು ಕೊಂಡರು. ಮುಂದೆ ಕಾರವಾರದಲ್ಲಿ ಇಂಗ್ಲಿಷರ ಕೋಠಿ, ಅಂದರೆ ವ್ಯಾಪಾರದ ಠಾಣೆ, ಬಂತು. 1872ರ ಕರಾರು ಕಾಯ್ದೆಯ ಹೊತ್ತಿಗೆ ಇಂಗ್ಲಿಷ್ ವ್ಯಾಪಾರ ಕಾನೂನಿನ ತತ್ತ್ವಗಳೇ ನಮ್ಮವೂ ಆದವು. ಆದರೆ ಆಳ್ವಿಕೆ ತಂದ ಕಾನೂನು ಬೇರೆ, ವ್ಯಾಪಾರಿ ಆರಿಸಿಕೊಳ್ಳುವ ಕಾನೂನು ಬೇರೆ. 1939ರ ವೀಟಾ ಫುಡ್ ಪ್ರಕರಣದಲ್ಲಿ ನ್ಯೂಫೌಂಡ್‌ಲ್ಯಾಂಡಿನಿಂದ ನ್ಯೂಯಾರ್ಕಿಗೆ ಹೊರಟಿದ್ದ ಮೀನಿನ ಸರಕಿಗೆ ಇಂಗ್ಲೆಂಡಿನ ನಂಟಿಲ್ಲದಿದ್ದರೂ, ಪ್ರಾಮಾಣಿಕವಾಗಿ ಆರಿಸಿಕೊಂಡ ಇಂಗ್ಲಿಷ್ ಕಾನೂನು ಅನ್ವಯವಾಗುತ್ತದೆಂದು, ವಸಾಹತುಗಳ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿತು. ವ್ಯಾಜ್ಯ ಹೋದಲ್ಲಿ ತೀರ್ಪು ಬೆಳೆಯುತ್ತದೆ, ತೀರ್ಪು ಬೆಳೆದಲ್ಲಿಗೆ ಮತ್ತಷ್ಟು ವ್ಯಾಜ್ಯ ಹೋಗುತ್ತದೆ. ಇದನ್ನರಿತ ನ್ಯೂಯಾರ್ಕ್ 1984ರಲ್ಲಿ, ಕರಾರು 2.5 ಲಕ್ಷ ಡಾಲರ್ ಮುಟ್ಟಿದರೆ ನಂಟಿಲ್ಲದವರೂ ತನ್ನ ಕಾನೂನನ್ನು ಆರಿಸಿಕೊಳ್ಳಬಹುದೆಂದು ಕಾಯ್ದೆ ಮಾಡಿತು. ಸಿಂಗಾಪುರ 2015ರಲ್ಲಿ ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯವನ್ನೇ ತೆರೆಯಿತು.

ನಮ್ಮಲ್ಲಿ ದಾರಿ ಹಿಂದುಮುಂದಾಯಿತು. 1992ರ ಎನ್‌ಟಿಪಿಸಿ–ಸಿಂಗರ್ ಪ್ರಕರಣದಲ್ಲಿ, ಮಧ್ಯಸ್ಥಿಕೆ (ನ್ಯಾಯಾಲಯದ ಬದಲು ಪಕ್ಷಗಾರರು ಒಪ್ಪಿದವರ ಮುಂದೆ ತಕರಾರು ಬಗೆಹರಿಸುವುದು) ಲಂಡನ್ನಿನಲ್ಲಿ ನಡೆದರೂ ಕರಾರಿಗೆ ಭಾರತದ ಕಾನೂನನ್ನು ಆರಿಸಿದ್ದರಿಂದ ನಮ್ಮ ನ್ಯಾಯಾಲಯಗಳಿಗೆ ಅಧಿಕಾರವಿದೆಯೆಂದು ಸುಪ್ರೀಂ ಕೋರ್ಟ್ ಹೇಳಿತು. 2002ರ ಭಾಟಿಯಾ ತೀರ್ಪು, ವಿದೇಶದಲ್ಲಿ ನಡೆಯುವ ಮಧ್ಯಸ್ಥಿಕೆಗೂ, ಪಕ್ಷಗಾರರು ಬೇಡವೆನ್ನದಿದ್ದರೆ, ನಮ್ಮ ನ್ಯಾಯಾಲಯಗಳಿಗೆ ಕೈಹಾಕಲು ಅವಕಾಶ ಕೊಡುವ, 1996ರ ನಮ್ಮ ಮಧ್ಯಸ್ಥಿಕೆ ಕಾಯ್ದೆಯ ಮೊದಲ ಭಾಗವನ್ನು ಹಬ್ಬಿಸಿತು. ವಿದೇಶಿ ಖರೀದಿದಾರರು ಇದನ್ನು ಹಸ್ತಕ್ಷೇಪವೆಂದು ಕಂಡರು. 2012ರ ಬಾಲ್ಕೋ ತೀರ್ಪು ಆ ದಾರಿಯನ್ನು ಮುಂದಿನ ಕರಾರುಗಳಿಗೆ ಮುಚ್ಚಿತು. 2021ರಲ್ಲಿ ಇಬ್ಬರು ಭಾರತೀಯರೇ ಮಧ್ಯಸ್ಥಿಕೆಗೆ ವಿದೇಶಿ ಪೀಠವನ್ನು, ಅಂದರೆ ವಿದೇಶದ ಊರನ್ನು, ಆರಿಸಿಕೊಳ್ಳಬಹುದೆಂದೂ ತೀರ್ಮಾನವಾಯಿತು. ಆಯ್ಕೆಯ ಸ್ವಾತಂತ್ರ್ಯ ಹೆಚ್ಚಿದ್ದು ನಿಜ, ಸಣ್ಣ ರಫ್ತುದಾರನಿಗೆ ಲಂಡನ್ನಿನ ವಕೀಲರ ಶುಲ್ಕ ತೆರುವ ಶಕ್ತಿ ಹೆಚ್ಚಲಿಲ್ಲ ಎಂಬುದೂ ಅಷ್ಟೇ ನಿಜ.

ವ್ಯಾಜ್ಯ ಹೊರಗೆ ಹೋದುದರ ಬೆಲೆ ಸರಕು ರವಾನೆ ಪತ್ರದ (ಸರಕು ಹಡಗಿಗೆ ಬಂತೆಂದು ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್‌ನ) ಕಾನೂನಿನಲ್ಲಿ ಎದ್ದು ಕಾಣುತ್ತದೆ. ಕಾರವಾರ, ಬೇಲೆಕೇರಿಗಳಿಂದ ಹೋಗುತ್ತಿದ್ದ ಅದಿರಿನಂತೆ ರಾಶಿಯಾಗಿ ತುಂಬಿದ ಸರಕಿನಲ್ಲಿ ಯಾರ ಪಾಲು ಯಾವುದೆಂದು ಹಡಗಿನಲ್ಲಿ ಬೇರೆಯಾಗಿರುವುದಿಲ್ಲ. ಪಾಲು ಬೇರೆಯಾಗುವವರೆಗೆ ಒಡೆತನ ದಾಟುತ್ತಿರಲಿಲ್ಲ, ದಾವೆಯ ಹಕ್ಕು ಒಡೆತನದ ಜೊತೆಗೇ ಬರುತ್ತಿದ್ದರಿಂದ ಅಂಥ ಖರೀದಿದಾರ ಹಡಗಿನವರ ಮೇಲೆ ದಾವೆ ಹೂಡುವುದು ಕಷ್ಟವಾಗುತ್ತಿತ್ತು. ಪ್ರಕರಣ ಮೇಲೆ ಪ್ರಕರಣ ಕಂಡ ಇಂಗ್ಲೆಂಡ್ ತನ್ನ 1855ರ ಕಾಯ್ದೆಯನ್ನು 1992ರಲ್ಲಿ ತೆಗೆದು, ಆ ತೊಡಕನ್ನು ಬಿಡಿಸಿತು. ಅದರ ಪಡಿಯಚ್ಚಾದ ನಮ್ಮ 1856ರ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಬಂದದ್ದು 2025ರಲ್ಲಿ.